ಬಣ್ಣ ಹಾಕದ ತಟ್ಟೆ

ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಇದು ಗೊತ್ತಿಲ್ಲದ ಹೆಂಗಸು ನಮ್ಮ ಕಡೆ ಸಿಗಲಾರಳು. ಯಾಕೆ ಕೆಂಪಾಗುತ್ತದೆ ಎಂದು ತರೀಕೆರೆಯ ಕಾಲೇಜಿನ ಲ್ಯಾಬಿನಲ್ಲಿ ನಿಂತು ಪ್ರತಿವರ್ಷ ಹೇಳುವುದು ನನ್ನ ಹೊಟ್ಟೆಪಾಡು. ಕಾಗದಕ್ಕೆ ಅರಿಶಿನ ಬಳಿದು, ಒಣಗಿಸಿ, ಸೋಪಿನ ನೀರಿಗೆ ಅದ್ದಿ ಎತ್ತಿ ಹಿಡಿಯುತ್ತೇನೆ. ಮಕ್ಕಳು ‘ಹೋ’ ಅನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದೇ ಕಾಗದ, ಅದೇ ‘ಹೋ’. ಹಾಗಿದ್ದೂ ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಅಜ್ಜಂಪುರದ ಅಣ್ಣನ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಅತ್ತಿಗೆಯ ರವಿಕೆಗೆ ಸೋಪು ತಿಕ್ಕಿದಾಗ, ಅದು ಕೆಂಪಾದದ್ದನ್ನು ನೋಡಿ ನಾನು ತಿಕ್ಕುವುದನ್ನೇ ನಿಲ್ಲಿಸಿದೆ.

ಕೆಂಪಾದದ್ದು ಎಡಗಡೆ ಮಾತ್ರ.

ಮೈಗೆ ಅರಿಶಿನ ಹಚ್ಚಿಕೊಂಡು ಸ್ನಾನ ಮಾಡುವವರ ರವಿಕೆ ನಾನು ನೋಡದ್ದಲ್ಲ. ಕುತ್ತಿಗೆಯ ಸುತ್ತ, ತೋಳಿನ ಅಂಚಿನಲ್ಲಿ ತೆಳ್ಳಗೆ ಹಳದಿ ಇರುತ್ತದೆ. ಇಲ್ಲಿ ಕುತ್ತಿಗೆ ಬೆಳ್ಳಗಿತ್ತು. ಎಡಗಡೆ, ಕಂಕುಳಿಗಿಂತ ಸ್ವಲ್ಪ ಮುಂದೆ, ಅಂಗೈ ಅಗಲದ ಜಾಗದಲ್ಲಿ ರಕ್ತ ಸೋರಿದ ಹಾಗೆ ಕೆಂಪು ಒಸರಿತು. ಬಕೆಟ್ಟಿನಿಂದ ಇನ್ನೊಂದು ರವಿಕೆ ಎಳೆದು ಸೋಪು ಹಚ್ಚಿದೆ. ಅದೂ ಹಾಗೆಯೇ. ಮೂರನೆಯದಕ್ಕೆ ಹಚ್ಚುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ಅತ್ತಿಗೆ ತಮ್ಮ ಬಟ್ಟೆಯನ್ನು ಯಾರ ಕೈಗೂ ಕೊಟ್ಟವರಲ್ಲ. ಅವತ್ತು ಎಡಗೈ ಎತ್ತಲು ಆಗುತ್ತಿರಲಿಲ್ಲ. ‘ಕಾಯಿ ಸುಲಿದು ಸುಲಿದು ತೋಳು ಹಿಡ್ಕೊಂಡದೆ’ ಅಂದಿದ್ದರು. ಅಣ್ಣನದು ಕೊಬ್ಬರಿ ವ್ಯಾಪಾರ, ಮನೆಯ ತುಂಬ ಕಾಯಿ, ನಂಬದಿರುವುದಕ್ಕೆ ಏನಿತ್ತು? ಕಡೂರಿನ ನನ್ನ ಮನೆಯಿಂದ ಬಂದವಳು ನಾನೇ ಬಲವಂತ ಮಾಡಿ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದೆ.

“ಅತ್ತಿಗೇ, ಇಲ್ಲಿ ಬನ್ನಿ ಸ್ವಲ್ಪ.”

“ಏನೇ? ಬಣ್ಣ ಬಿಡ್ತಾ ಸೀರೆ?”

“ಬನ್ನಿ ಅಂದೆ.”

ಅವರೆಕಾಯಿ ಬಿಡಿಸುತ್ತಿದ್ದವರು ಮೊರ ಪಕ್ಕಕ್ಕಿಟ್ಟು ಬಂದರು. ಕಲ್ಲಿನ ಮೇಲಿದ್ದ ರವಿಕೆ ನೋಡಿದರು, ನನ್ನ ಮುಖ ನೋಡಿದರು, ಸೆರಗನ್ನು ಎಡಗಡೆಗೆ ಎಳೆದುಕೊಂಡರು. ಅಷ್ಟರಲ್ಲೇ ನನಗೆ ಗೊತ್ತಾಗಿಹೋಯಿತು.

“ಎಡಗಡೆ ಏನಾಗಿದೆ?”

“ಏನಾಗ್ತದೆ? ಸ್ನಾನಕ್ಕೆ ಹಚ್ಕೊಂಡಿದ್ದು.”

“ಸ್ನಾನಕ್ಕೆ ಒಂದೇ ಕಡೆ ಹಚ್ಕೋತಾರಾ ಯಾರಾದ್ರೂ?”

ಅತ್ತಿಗೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಅಣ್ಣ ಮನೆಯಲ್ಲಿರಲಿಲ್ಲ. “ಸಣ್ಣ ಗಂಟು ಕಣೇ,” ಅಂದರು. “ನೋವಿಲ್ಲ, ಏನಿಲ್ಲ. ನೀನ್ ಹೇಳಿದ್ಯಲ್ಲ, ಹಂಗೇ ಮಾಡ್ತಾ ಇದೀನಿ.”

“ನಾನೇನ್ ಹೇಳ್ದೆ?”

“ಅರಿಶ್ನ ಆ ಕಾಯ್ಲೇನ ಸಾಯಿಸ್ತದೆ ಅಂತ. ಮಠದ ಹಾಲ್‌ನಾಗೆ ಹೇಳ್ಲಿಲ್ವಾ? ಮೆಣಸು, ತುಪ್ಪ ಸೇರಿದ್ರೆ ಮೈಗೆ ಹತ್ತುತ್ತದೆ ಅಂದೆ. ಅದ್ನೂ ಸೇರಿಸ್ತೀನಿ. ಹಾಲಿಗೂ ಹಾಕ್ಕೊಂಡು ಕುಡೀತೀನಿ.”

“ಎಷ್ಟು ದಿನದಿಂದ?”

“ಯುಗಾದಿ ಆದ್ಮ್ಯಾಲೆ.”

ಸೋಪಿನ ನೊರೆ ಮೆತ್ತಿದ ಬೆರಳುಗಳ ಮೇಲೆ ತಿಂಗಳು ಎಣಿಸಿದೆ. ಏಳು ದಾಟಿತು. ನನಗೆ ಹೆದರಿಕೆಯಾದಾಗ ಮೊದಲು ಬರುವುದು ಸಿಟ್ಟು. ಬಾಯಿಗೆ ಬಂದಂತೆ ಬೈದೆ. ತಲೆ ಕೆಟ್ಟಿದೆಯಾ ನಿಮಗೆ, ಅಣ್ಣನಿಗೆ ಹೇಳೋಕೇನಾಗಿತ್ತು, ನನಗೆ ಹೇಳೋಕೇನಾಗಿತ್ತು, ವಾರಕ್ಕೆರಡು ಸಲ ಫೋನ್ ಮಾಡ್ತೀನಲ್ಲ, ಬಾಯಿಗೆ ಬೀಗ ಹಾಕ್ಕೊಂಡಿದ್ರಾ ಎಂದೆಲ್ಲ ಕೂಗಾಡಿದೆ. “ವಾಸಿಯಾದ್ಮ್ಯಾಲೆ ಹೇಳಿ ನಿನ್ನ ಖುಷಿಪಡಿಸ್ಬೇಕು ಅಂತಿದ್ದೆ ಕಣೇ,” ಅಂದರು ಅತ್ತಿಗೆ. ನಾನು ಆ ಒದ್ದೆ ಕಲ್ಲಿನ ಮೇಲೇ ಕೂತು ಅತ್ತೆ.

ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಎಂಟು ವರ್ಷ. ಎರಡು ವರ್ಷಕ್ಕೆ ಅಮ್ಮ ಹೋದಳು. ಆಮೇಲೆ ನನ್ನ ತಲೆ ಬಾಚಿದವರು, ಜ್ವರ ಬಂದರೆ ಪಕ್ಕದಲ್ಲಿ ಕೂತವರು, ‘ಹುಡುಗಿ ಓದ್ಲಿ ಬಿಡ್ರೀ’ ಎಂದು ಅಣ್ಣನ ಜೊತೆ ಜಗಳಕ್ಕೆ ನಿಂತವರು ಇವರೇ. ತಾವು ಓದಿದ್ದು ಏಳನೆಯವರೆಗೆ. ನಾನು ಕೂತು ಓದುವಾಗ ಎದುರಿಗೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ‘ಏನದು? ಗಟ್ಟಿಯಾಗ್ ಹೇಳು, ನಾನೂ ಕೇಳ್ತೀನಿ’ ಅನ್ನುತ್ತಿದ್ದರು. ನಾನು ಹೇಳಿದ್ದನ್ನು ಅವರು ಒಂದು ದಿನವೂ ‘ಹೌದಾ?’ ಎಂದು ಅನುಮಾನಿಸಿದವರಲ್ಲ. ಅದು ನನಗೆ ಎಂಥ ಹೆಮ್ಮೆಯ ಸಂಗತಿಯಾಗಿತ್ತು!

ಈಗ ಮಠದ ಹಾಲ್‌ನಲ್ಲಿ ನಾನಾಡಿದ ಆ ಮಾತು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕೆಲಸದಲ್ಲಿದ್ದುಕೊಂಡೇ ನಾನು ಪಿಎಚ್‌ಡಿಗೆ ಸೇರಿದ್ದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಕ್ಯಾನ್ಸರ್ ಕಣಗಳನ್ನು ಸಾಯಿಸಬಲ್ಲುದೇ ಎಂದು ನೋಡುವುದು ನನ್ನ ಕೆಲಸ. ಈ ವಸ್ತುವಿನ ಹಿಂದೆ ದೇಶದೇಶಗಳಲ್ಲಿ ಜನ ಬಿದ್ದಿದ್ದಾರೆ. ನಾನೂ ಬಿದ್ದೆ. ರಜೆ ಸಿಕ್ಕಾಗಲೆಲ್ಲ ವಿಶ್ವವಿದ್ಯಾಲಯದ ಲ್ಯಾಬಿಗೆ ಓಡುತ್ತಿದ್ದೆ. ಅಲ್ಲಿ ಪಡ್ಡಿನ ಕಾವಲಿಯಂಥ ಪುಟ್ಟ ಪ್ಲಾಸ್ಟಿಕ್ ತಟ್ಟೆಗಳಿರುತ್ತವೆ, ಸಾಲು ಸಾಲು ಗುಳಿಗಳು. ಒಂದೊಂದು ಗುಳಿಯಲ್ಲೂ ಕ್ಯಾನ್ಸರ್ ಕಣ ಬೆಳೆಸಿ, ಅರಿಶಿನದ ಆ ಸತ್ವ ಹಾಕಿ ಎರಡು ದಿನ ಬಿಡುವುದು. ಆಮೇಲೆ ಒಂದು ಬಣ್ಣ ಹಾಕುವುದು. ಆ ಬಣ್ಣ ಸಾಯುತ್ತಿರುವ ಕಣಕ್ಕೆ ಮಾತ್ರ ಅಂಟಿಕೊಂಡು, ನೀಲಿ ಬೆಳಕು ಬಿಟ್ಟಾಗ ಹಸಿರಾಗಿ ಹೊಳೆಯುತ್ತದೆ. ಎಷ್ಟು ಹಸಿರೋ ಅಷ್ಟು ಸಾವು. ಎಣಿಸುವುದು ಯಂತ್ರದ ಕೆಲಸ.

ನನ್ನ ತಟ್ಟೆ ಹಸಿರೋ ಹಸಿರು. ನಾನು ಕುಣಿದುಬಿಟ್ಟೆ.

ಸುದ್ದಿ ಅಣ್ಣನಿಂದ ಊರಿಗೆ ತಲುಪಿತು. ಆ ಶ್ರಾವಣದಲ್ಲಿ ಅಜ್ಜಂಪುರದ ಮಠದ ಹಾಲಿನಲ್ಲಿ ಹೆಂಗಸರ ಸಮಾರಂಭ, ನನಗೆ ಸನ್ಮಾನ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕಿನ ಮುಂದೆ ನಿಂತಾಗ ನನಗೇನಾಯಿತೋ! ‘ತಟ್ಟೆಯಲ್ಲಿ’ ಅನ್ನಬೇಕಾದ ಕಡೆ ಅನ್ನಲಿಲ್ಲ. ‘ಇನ್ನೂ ನೋಡಬೇಕು’ ಅನ್ನಬೇಕಾದ ಕಡೆ ಅನ್ನಲಿಲ್ಲ. “ನಮ್ಮ ಅಜ್ಜಿಯರು ಮೈಗೆ ಬಳಿದುಕೊಂಡ ಅರಿಶಿನದಲ್ಲಿ ಕ್ಯಾನ್ಸರ್ ಕೊಲ್ಲುವ ಶಕ್ತಿಯಿದೆ, ನಾನು ನನ್ನ ಕಣ್ಣಾರೆ ನೋಡಿದ್ದೇನೆ,” ಅಂದೆ. ಹಾಲ್ ತುಂಬ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದೆ ಯಾರೋ ಮೆಣಸು ಎಷ್ಟು ಕಾಳು ಎಂದು ಕೂಗಿ ಕೇಳಿದರು. ಅದಕ್ಕೂ ನಗುತ್ತ ಉತ್ತರ ಕೊಟ್ಟೆ. ಕೊಬ್ಬು ನೋಡಿ ನನ್ನದು.

ಮುಂದಿನ ಯುಗಾದಿಯ ಹೊತ್ತಿಗೆ ನನ್ನ ಲ್ಯಾಬಿನ ಕಿರಿಯಳೊಬ್ಬಳು ಅದೇ ಪ್ರಯೋಗವನ್ನು ಮತ್ತೆ ಮಾಡಿದಳು. ಜೊತೆಗೆ ನಾನು ಇಡದಿದ್ದ ಒಂದು ತಟ್ಟೆ ಇಟ್ಟಳು. ಅದರಲ್ಲಿ ಕಣ ಇತ್ತು, ಅರಿಶಿನ ಇತ್ತು, ಬಣ್ಣ ಮಾತ್ರ ಹಾಕಿರಲಿಲ್ಲ. ಬಣ್ಣವೇ ಇಲ್ಲದ ಮೇಲೆ ಆ ತಟ್ಟೆ ಕತ್ತಲಾಗಿರಬೇಕು. ಅದೂ ಹಸಿರಾಗಿ ಹೊಳೆಯಿತು. ಹೊಳೆಯುತ್ತಿದ್ದದ್ದು ಅರಿಶಿನವೇ. ನೀಲಿ ಬೆಳಕು ಬಿದ್ದರೆ ತಾನಾಗಿಯೇ ಹಸಿರು ಬೀರುವುದು ಅದರ ಗುಣ. ಆ ಹಸಿರನ್ನೆಲ್ಲ ನಾನು ಸಾವು ಎಂದು ಎಣಿಸಿಕೊಂಡಿದ್ದೆ. ಅದನ್ನು ಕಳೆದು ನೋಡಿದರೆ ಉಳಿದದ್ದು ಚಿಟಿಕೆಯಷ್ಟು.

ಬಣ್ಣ ಹಾಕದ ಒಂದು ತಟ್ಟೆ ಇಡಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ನಾನೇ ಮಕ್ಕಳಿಗೆ ಹೇಳುತ್ತೇನೆ. ಬೇರೆ ಯಾವುದೇ ರಾಸಾಯನಿಕವಾಗಿದ್ದರೆ ನಾನೂ ಇಡುತ್ತಿದ್ದೆ. ಆದರೆ ಇದು ಅರಿಶಿನ. ಹೊಸ್ತಿಲಿಗೆ ಬಳಿಯುವುದು, ಮದುವಣಗಿತ್ತಿಗೆ ಹಚ್ಚುವುದು, ಹೊಸ ಪುಸ್ತಕದ ಮೂಲೆಗೆ ಇಡುವುದು. ಹುಟ್ಟಿದಾಗಿನಿಂದ ಶುದ್ಧ ಎಂದು ಕಂಡದ್ದನ್ನು ಅನುಮಾನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಮಾರ್ಗದರ್ಶಕರು ಬೈಯಲಿಲ್ಲ. ಲೇಖನ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ವಾಪಸ್ ತೆಗೆದುಕೊಂಡೆವು. ಆ ಅಧ್ಯಾಯ ಕಿತ್ತುಹಾಕಿ, ಉಳಿದದ್ದರಲ್ಲಿ ನನ್ನ ಪದವಿಯೂ ಆಯಿತು. ವಿಶ್ವವಿದ್ಯಾಲಯದಲ್ಲಿ ಎಲ್ಲವೂ ಸರಿಹೋಯಿತು. ಅಜ್ಜಂಪುರಕ್ಕೆ ಮಾತ್ರ ಯಾರೂ ಹೇಳಲಿಲ್ಲ. ಯಾರು ಹೇಳಬೇಕಿತ್ತು? ನಾನೇ. ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿದೆ, ಹೊದಿಸಿಕೊಂಡವರು ಮಡಚಿ ವಾಪಸ್ ಕೊಡುವ ಪದ್ಧತಿ ಇಲ್ಲ. ಜನ ಮರೆತಿರುತ್ತಾರೆ ಬಿಡು ಎಂದುಕೊಂಡೆ.

ಹಿತ್ತಲಲ್ಲಿ ರವಿಕೆ ಕೆಂಪಾದ ಮಾರನೆಯ ದಿನವೇ ಅತ್ತಿಗೆಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಪರೀಕ್ಷೆ ಮಾಡಲು ಹೋದರೆ ಹಳದಿಯ ಅಡಿಯಲ್ಲಿ ಚರ್ಮದ ಬಣ್ಣವೇ ಕಾಣುತ್ತಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದರು. ಒಂದು ಉಂಡೆ ಹಳದಿಯಾಯಿತು, ಇನ್ನೊಂದು ಹಳದಿಯಾಯಿತು, ಒರೆಸುತ್ತಲೇ ಇದ್ದರು. ಮೆಣಸಿನ ಉರಿಗೆ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು.

“ಇದನ್ನ ಹಚ್ಚೋಕೆ ಯಾರು ಹೇಳಿದ್ದಮ್ಮ?”

ಅತ್ತಿಗೆ ನನ್ನ ಕಡೆ ಕೈ ತೋರಿಸಿದರು, ಅದೂ ಎಂಥ ಅಭಿಮಾನದಿಂದ! “ಇವ್ಳೇ ನಮ್ ನಾದ್ನಿ. ಇದ್ರಾಗೇ ರೀಸರ್ಚ್ ಮಾಡವ್ಳೆ.”

ಡಾಕ್ಟರು ನನ್ನನ್ನು ಒಂದು ಕ್ಷಣ ನೋಡಿದರು. ಮತ್ತೆ ಹತ್ತಿ ಎತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ಹತ್ತು ದಿನ. ಆ ಹತ್ತು ದಿನ ನಾನು ಹೇಗೆ ಕಳೆದೆನೋ. ಕಡೂರಿನಲ್ಲಿ ಬೆಳಿಗ್ಗೆ ರೈಲು ಹತ್ತಿ ಬೀರೂರು ದಾಟಿ ತರೀಕೆರೆಯಲ್ಲಿ ಇಳಿಯುವುದು ನನಗೆ ಕಣ್ಣುಮುಚ್ಚಿಕೊಂಡು ಆಗುವ ಕೆಲಸ. ಒಂದು ದಿನ ಇಳಿಯುವುದನ್ನೇ ಮರೆತು ಭದ್ರಾವತಿಗೆ ಹೋಗಿ ಕೂತಿದ್ದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದು ನಿಂತುಬಿಡುತ್ತಿದ್ದೆ. ಮನೆಯಲ್ಲಿ ಸಾರಿಗೆ ಅರಿಶಿನ ಹಾಕಲು ಡಬ್ಬಿ ತೆಗೆದರೆ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಮನೆಯವರು, “ಸಾರು ಯಾಕೆ ಹಿಂಗೆ ಬೆಳ್ಳಗಿದೆ?” ಎಂದು ಕೇಳಿದ್ದಕ್ಕೆ ಅವರ ಮೇಲೆ ಹರಿಹಾಯ್ದೆ. ಪಾಪ, ಅವರು ತಟ್ಟೆ ಎತ್ತಿಕೊಂಡು ಆಚೆ ಹೋದರು.

ಫಲಿತಾಂಶ ಬಂತು. ಕ್ಯಾನ್ಸರೇ. ಕಂಕುಳಿನವರೆಗೆ ಬಂದಿದೆ, ಅದಕ್ಕಿಂತ ಮುಂದೆ ಹೋದಂತೆ ಕಾಣುವುದಿಲ್ಲ, ಮೊದಲು ಇಂಜೆಕ್ಷನ್ ಕೊಟ್ಟು ಗಂಟು ಕುಗ್ಗಿಸೋಣ, ಆಮೇಲೆ ಆಪರೇಷನ್, ಇನ್ನು ಒಂದು ವಾರವೂ ತಡ ಮಾಡಬೇಡಿ ಎಂದರು ಡಾಕ್ಟರು. ಅಣ್ಣ ತಲೆಯಾಡಿಸಿದ. ನಾನು ತಲೆಯಾಡಿಸಿದೆ. ಅತ್ತಿಗೆ ಆಡಿಸಲಿಲ್ಲ.

“ಶಿವರಾತ್ರಿ ತನಕ ನೋಡಾಣ,” ಅಂದರು ಮನೆಗೆ ಬಂದ ಮೇಲೆ. “ನಿಮ್ ಲ್ಯಾಬಾಗೆ ಚೂರೇ ಚೂರು ಕಣಕ್ಕೇ ಎರಡು ದಿನ ಬೇಕಾಯ್ತು. ಇದು ಮನುಷ್ರ ಮೈ. ನಿಧಾನ ಆಗ್ತದೆ. ಆ ಇಂಜೆಕ್ಷನ್ ತಗೊಂಡೋರನ್ನ ನೋಡಿವ್ನಿ, ಕೂದ್ಲು ಉದುರಿ ವಾಂತಿ ಮಾಡ್ಕೊಂಡು ಹಾಸಿಗೆ ಹಿಡೀತಾರೆ. ನಂಗೆ ಬ್ಯಾಡ.”

“ಅರಿಶಿನ ಸಾಕಾಗಲ್ಲ ಅತ್ತಿಗೆ.”

“ಹಂಗಾದ್ರೆ ಅವತ್ತು ಸುಳ್ಳು ಹೇಳಿದ್ಯಾ?”

ಬಾಯಿ ತೆರೆದೆ. “ಸುಳ್ಳಲ್ಲ... ಅದು ಬೇರೆ, ಇದು ಬೇರೆ,” ಅಂದೆ. ಥೂ! ಅದೊಂದು ಉತ್ತರವೇ? ಅಣ್ಣ ನನ್ನನ್ನು ಅಂಗಳಕ್ಕೆ ಕರೆದು, “ನೀನೇ ಏನಾದ್ರೂ ಮಾಡವ್ವಾ. ನಾನ್ ಹೇಳಿದ್ರೆ ಕೇಳಲ್ಲ. ಅವ್ಳಿಗೆ ನಿನ್ ಮಾತೇ ವೇದ,” ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವನು ಅತ್ತದ್ದನ್ನು ಅಮ್ಮ ಹೋದ ದಿನ ನೋಡಿದ್ದೆ, ಆಮೇಲೆ ಈಗಲೇ.

ಮೂರು ದಿನ ಒದ್ದಾಡಿದೆ. ನಿಜ ಹೇಳಿದರೆ ಅತ್ತಿಗೆಯ ದೃಷ್ಟಿಯಲ್ಲಿ ನಾನು ಬಿದ್ದುಹೋಗುತ್ತೇನೆ, ಅದೊಂದು ಹೆದರಿಕೆ. ನನ್ನ ಮೇಲೆ ನಂಬಿಕೆಯೇ ಹೋದ ಮೇಲೆ ‘ಇಂಜೆಕ್ಷನ್ ತಗೊಳ್ಳಿ’ ಅಂದರೆ ಅದನ್ನಾದರೂ ಯಾಕೆ ಕೇಳುತ್ತಾರೆ, ಅದು ಇನ್ನೊಂದು ಹೆದರಿಕೆ. ಎರಡನೆಯದು ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮೊದಲನೆಯದೇ ನನ್ನ ಕುತ್ತಿಗೆ ಹಿಡಿದಿತ್ತು.

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಅತ್ತಿಗೆಯನ್ನು ತರೀಕೆರೆಗೆ ಕರೆಸಿಕೊಂಡೆ. ಮನೆಯಿಂದ ಚೂರು ಅರಿಶಿನದ ಪುಡಿ ತನ್ನಿ, ಅಂಗಡಿಯಲ್ಲಿ ಅಣ್ಣ ಖೋಟಾ ನೋಟು ಪತ್ತೆಗೆ ಹಾಕುವ ನೀಲಿ ಬೆಳಕಿನ ಟಾರ್ಚು ಇದೆಯಲ್ಲ, ಅದನ್ನೂ ತನ್ನಿ ಅಂದಿದ್ದೆ. ಬಸ್ಸಿಳಿದು ಬಂದರು, ಒಳ್ಳೆಯ ಸೀರೆ ಉಟ್ಟಿದ್ದರು. ನನ್ನ ಕಾಲೇಜಿನೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಲ್ಯಾಬಿನ ಬಾಟಲಿಗಳನ್ನು ಒಂದೊಂದಾಗಿ ನೋಡುತ್ತ, “ಇಷ್ಟೊಂದು ನೀನೇ ನೋಡ್ಕೋಬೇಕಾ?” ಎಂದು ಕೇಳಿದರು.

ಕಿಟಕಿ ಮುಚ್ಚಿದೆ. ಎರಡು ಗಾಜಿನ ಕೊಳವೆಗಳಿಗೆ ಸ್ಪಿರಿಟ್ ಹಾಕಿದೆ. ಒಂದಕ್ಕೆ ಅವರೇ ತಂದ ಅರಿಶಿನವನ್ನು ಚಿಟಿಕೆ ಉದುರಿಸಿ ಅಲ್ಲಾಡಿಸಿದೆ. ಟಾರ್ಚು ಹಾಕಿದೆ. ಬರೀ ಸ್ಪಿರಿಟ್ ಇದ್ದದ್ದು ಕತ್ತಲಾಗಿಯೇ ಇತ್ತು. ಅರಿಶಿನದ್ದು ಹಸಿರು ಹಳದಿಯಾಗಿ ಹೊತ್ತಿಕೊಂಡಿತು.

“ಅಯ್ಯ ಶಿವನೇ, ಎಷ್ಟ್ ಚೆಂದ ಐತೆ!” ಅಂದರು ಅತ್ತಿಗೆ.

“ನಾನ್ ನೋಡಿದ್ದು ಇದೇ ಅತ್ತಿಗೆ. ಈ ಹಸಿರು ಕಂಡಲ್ಲೆಲ್ಲ ಕ್ಯಾನ್ಸರ್ ಕಣ ಸತ್ತಿದೆ ಅಂತ ಎಣಿಸ್ಕೊಂಡೆ. ಈಗ ನೀವೇ ಹೇಳಿ, ಈ ಕೊಳವೇಲಿ ಯಾವ ಕಾಯಿಲೆ ಇದೆ?”

“ಕಾಯ್ಲೆ ಎಲ್ಲಿ? ನಮ್ಮನೆ ಅರಿಶ್ನ ಅದು.”

“ಏನ್ ಸತ್ತಿದೆ ಇದ್ರಲ್ಲಿ?”

“ಏನೂ ಇಲ್ಲ.”

“ಆದ್ರೂ ಹಸಿರಾಗಿದೆ.”

ಅತ್ತಿಗೆ ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಟಾರ್ಚನ್ನು ತಾವೇ ಆರಿಸಿದರು, ಹಾಕಿದರು, ಮತ್ತೆ ಆರಿಸಿದರು. ನಾನು ಹೇಳುತ್ತಾ ಹೋದೆ. ಬಣ್ಣ ಹಾಕದ ತಟ್ಟೆ ಇಡದೇ ಹೋದದ್ದು, ಕಿರಿಯಳು ಕಂಡುಹಿಡಿದದ್ದು, ಲೇಖನ ವಾಪಸ್ ತೆಗೆದದ್ದು. ಅರಿಶಿನದಲ್ಲಿ ಏನೂ ಇಲ್ಲವೆಂದಲ್ಲ, ಇದೆಯೋ ಇಲ್ಲವೋ ಇನ್ನೂ ಹುಡುಕುತ್ತಿದ್ದಾರೆ, ತಟ್ಟೆಯಲ್ಲಿ ಕಣ ಸಾಯುವುದಕ್ಕೂ ಮೈಯೊಳಗಿನ ಗಂಟು ಕರಗುವುದಕ್ಕೂ ಬಹಳ ದೂರ ಎಂದೂ ಹೇಳಿದೆ. ನನ್ನ ದನಿ ಪಾಠ ಮಾಡುವ ದನಿಯಾಗಿರಲಿಲ್ಲ.

ಅವರು ಕೇಳಿದ್ದು ಒಂದೇ ಪ್ರಶ್ನೆ. “ಇದು ತಪ್ಪು ಅಂತ ನಿಂಗೆ ಯಾವಾಗ ಗೊತ್ತಾಯ್ತು?”

“ಹೋದ ವರ್ಷದ ಯುಗಾದಿ ಹೊತ್ತಿಗೆ.”

“ನಂಗೆ ಗಂಟು ಕಂಡಿದ್ದು ಈ ಯುಗಾದಿಗೆ.”

“ಹೂಂ.”

“ಒಂದು ವರ್ಷ ಇತ್ತಲ್ಲೇ ನಿಂಗೆ.”

ನಾನು ಅವರ ಕಾಲ ಬಳಿ ಕೂತೆ. ಅತ್ತಿಗೆ ಬೈಯಲಿಲ್ಲ, ಅಳಲಿಲ್ಲ. ಎದ್ದು, ಕೊಳವೆಯಲ್ಲಿದ್ದುದನ್ನು ಸಿಂಕಿಗೆ ಚೆಲ್ಲಿ, ನಲ್ಲಿ ತಿರುಗಿಸಿ ತೊಳೆದು ಬೋರಲು ಹಾಕಿದರು, ಮನೆಯ ಲೋಟ ತೊಳೆದಿಟ್ಟ ಹಾಗೆ.

“ಸೋಮವಾರ ಇಂಜೆಕ್ಷನ್‌ಗೆ ಬತ್ತೀನಿ,” ಅಂದರು. “ಆದ್ರೆ ಒಂದ್ ಮಾತು. ಅವತ್ತು ಆ ಹಾಲ್‌ನಾಗೆ ನಾನೊಬ್ಳೇ ಕೂತಿರ್ಲಿಲ್ಲ. ನೀನು ಅಲ್ಲೇ ನಿಂತು, ಅದೇ ಮೈಕಿನಾಗೆ, ಇದ್ನ ಹೇಳ್ಬೇಕು.”

“ಹೇಳ್ತೀನಿ.”

“ಹೇಳ್ತೀನಿ ಅಂತ ಒಂದ್ ವರ್ಷ ಸುಮ್ನೆ ಕೂತಿದ್ದೋಳು ನೀನು. ನಾನೇ ದಿನ ಗೊತ್ತು ಮಾಡ್ತೀನಿ.”

ಅವತ್ತು ಬಸ್ಸು ಹತ್ತಿಸುವಾಗ ಕೈ ಹಿಡಿಯಲು ಹೋದೆ. ಕೈಚೀಲವನ್ನು ಆ ಕೈಗೆ ಬದಲಾಯಿಸಿಕೊಂಡು, ತಾವೇ ಹತ್ತಿದರು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಂಜೆಕ್ಷನ್ ಶುರುವಾಯಿತು. ಮೂರು ವಾರಕ್ಕೊಮ್ಮೆ. ಎರಡನೆಯದಕ್ಕೇ ಕೂದಲು ಹೋಯಿತು. ನನಗೆ ಬಾಚಿ ಜಡೆ ಹಾಕುತ್ತಿದ್ದವರ ತಲೆಯನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅನ್ನ ಸೇರುತ್ತಿರಲಿಲ್ಲ, ಬಾಯೆಲ್ಲ ಹುಣ್ಣು. ಪ್ರತಿ ಸಲವೂ ರಕ್ತ ಪರೀಕ್ಷೆಯ ಚೀಟಿ ಕೈಗೆ ಬರುವವರೆಗೆ ನಾನು ಕೊಡುವ ಕಿಟಕಿಯ ಮುಂದೆಯೇ ನಿಂತಿರುತ್ತಿದ್ದೆ. ನಾನು ಆಗಲೇ ಹೇಳಿದ್ದರೆ ಬಟಾಣಿಯಷ್ಟಿದ್ದಾಗಲೇ ತೆಗೆಸಬಹುದಿತ್ತು, ಕಂಕುಳಿಗೆ ಬರುತ್ತಲೇ ಇರಲಿಲ್ಲವೇನೋ. ಈ ‘ಏನೋ’ ಇದೆಯಲ್ಲ, ಅದು ನನ್ನನ್ನು ತಿಂದುಹಾಕಿತು. ನಾಲ್ಕನೆಯ ಇಂಜೆಕ್ಷನ್ ಆದ ಮೇಲೆ ಡಾಕ್ಟರು ಮುಟ್ಟಿ ನೋಡಿ, ಕುಗ್ಗಿದೆ, ಇನ್ನೆರಡು ಕೊಟ್ಟು ಆಪರೇಷನ್ ಮಾಡೋಣ ಅಂದರು. ಪೂರ್ತಿ ವಾಸಿಯಾಗುತ್ತದಾ ಎಂದು ಅಣ್ಣ ಕೇಳಿದ. “ಈಗಲೇ ಹೇಳೋಕಾಗಲ್ಲ,” ಅಂದರು. ಎಷ್ಟು ಸಲೀಸಾಗಿ ಅಂದರು! ಆ ಮಾತು ನನ್ನ ಬಾಯಿಗೆ ಅವತ್ತು ಮೈಕಿನ ಮುಂದೆ ಯಾಕೆ ಬರಲಿಲ್ಲ?

ಶಿವರಾತ್ರಿ ಕಳೆದ ವಾರ, ಐದನೆಯ ಇಂಜೆಕ್ಷನ್ನಿನ ಹಿಂದಿನ ದಿನ, ಅತ್ತಿಗೆ ದಿನ ಗೊತ್ತು ಮಾಡಿಯೇ ಬಿಟ್ಟರು. ಮಠದ ಹಾಲಿನಲ್ಲಿ ಹೆಂಗಸರು ಸೇರಿದ್ದರು. ನಾನು ಹೋಗುವಷ್ಟರಲ್ಲಿ ಅತ್ತಿಗೆ ಅದೇ ಮುಂದಿನ ಸಾಲಿನಲ್ಲಿ, ತಲೆಯ ಮೇಲೆ ಬಿಗಿಯಾಗಿ ಸೆರಗು ಹೊದ್ದು ಕೂತಿದ್ದರು. ಮನೆಯಿಂದ ಆ ಶಾಲು ತಂದಿದ್ದೆ. ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಎರಡು ಗಾಜಿನ ಕೊಳವೆ, ನೋಟಿನ ಟಾರ್ಚು. ಲೈಟು ಆರಿಸಿ ಅಂದೆ. ಹಸಿರು ಕಂಡಾಗ ಹಾಲಿನಲ್ಲಿ ಅದೇ ‘ಹೋ’. ಆಮೇಲೆ ಎಲ್ಲ ಹೇಳಿದೆ. ಮೈಯಲ್ಲಿ ಗಂಟು ಕಂಡರೆ ಏನನ್ನೂ ಹಚ್ಚಬೇಡಿ, ಆಸ್ಪತ್ರೆಗೆ ಹೋಗಿ ಅಂದೆ. ಈ ಬಾರಿ ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಒಬ್ಬರು, “ಮತ್ತೆ ಅವತ್ತು ಯಾಕ್ ಹಂಗಂದ್ರಿ?” ಅಂದರು. “ಜಂಬ,” ಅಂದೆ. ಬೇರೆ ಪದ ಸಿಗಲಿಲ್ಲ.

ಕೊನೆಗೆ ಅರಿಶಿನ ಕುಂಕುಮ ತೆಗೆದುಕೊಳ್ಳುವುದಕ್ಕೆ ಹೆಂಗಸರು ಸಾಲು ನಿಂತರು. ತಟ್ಟೆ ಹಿಡಿದಿದ್ದವರು ಅತ್ತಿಗೆ. ಸಾಲಿನ ತುದಿಯಲ್ಲಿ ಒಬ್ಬ ಹೆಣ್ಣುಮಗಳು ಎಲ್ಲರನ್ನೂ ಮುಂದೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದಳು. ಮೂವತ್ತೈದಿರಬಹುದು. ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಅಮೃತಾಪುರದ ಕಡೆಯವಳು, ಅಕ್ಕನ ಮನೆಗೆ ಬಂದಿದ್ದಳಂತೆ. ಅವತ್ತಿನ ನನ್ನ ಭಾಷಣ ಕೇಳಿದ್ದು ಆ ಅಕ್ಕ. ತಟ್ಟೆಗೆ ಕೈ ಹಾಕದೆ, ಅತ್ತಿಗೆಯ ಮುಖ ನೋಡುತ್ತ, “ನಂಗೂ ಒಂದೈತೆ ಕಣಕ್ಕಾ,” ಅಂದಳು. “ಆಷಾಢದಿಂದ ಹಚ್ತಾ ಇದೀನಿ.”

ಆಮೇಲೆ ನನ್ನ ಕಡೆ ತಿರುಗಿದಳು. “ಮೇಡಂ, ತಪ್ಪು ಅಂತ ಗೊತ್ತಾದ ದಿನಾನೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

“ಆಗ್ತಿತ್ತು,” ಅಂದೆ.

ಅತ್ತಿಗೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ತಲೆಯ ಮೇಲಿನ ಸೆರಗು ಸರಿಸಿ ತಮ್ಮ ಬೋಳು ತಲೆಯನ್ನು ಅವಳಿಗೆ ತೋರಿಸಿದರು. ಅವಳು ಬೆಚ್ಚಿದಳು. ಅತ್ತಿಗೆ ಅವಳ ಕೈ ಹಿಡಿದುಕೊಂಡರು.

“ನಾಳೆ ಏಳರ ಬಸ್ಸಿಗೆ ನಾನು ಶಿವಮೊಗ್ಗಕ್ಕೆ ಹೋಗ್ತಾ ಇದೀನಿ. ನೀನೂ ಬಂದ್ಬಿಡು, ಪಕ್ಕದಾಗೆ ಕೂರುವಂತೆ,” ಅಂದರು. “ಬರೋವಾಗ ಹಚ್ಚಿರೋದ್ನೆಲ್ಲ ಸೋಪ್ ಹಾಕಿ ತೊಳ್ಕೊಂಡು ಬಾ. ಕೆಂಪಾಗ್ತದೆ. ಹೆದರ್ಕೋಬ್ಯಾಡ.”